ಎಂಎಸ್‌ಎಕ್ಸ್ ಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್: ಸತ್ತ ಚಿಪ್ಪಿನ ಜಾಗದಲ್ಲಿ ಏನನ್ನು ಕೂರಿಸಬೇಕು?

ಹಳೇಪೆಟ್ಟಿಗೆ (ಕುಂದಾಪುರ)

ಎಲ್ಲರಿಗೂ ನಮಸ್ಕಾರ. ಕೊಲ್ಲಿಯಿಂದ ಊರಿಗೆ ಮರಳುವವರು ಟೇಪ್ ರೆಕಾರ್ಡರ್ ತರುತ್ತಿದ್ದ ಕಾಲದಲ್ಲಿ, ಕುವೈತಿನಲ್ಲಿದ್ದ ನನ್ನ ಚಿಕ್ಕಪ್ಪ ಒಂದು ಎಂಎಸ್‌ಎಕ್ಸ್ (ಹಲವು ಕಂಪನಿಗಳು ಒಂದೇ ಮಾನಕದಂತೆ ಮಾಡುತ್ತಿದ್ದ ಗೃಹ ಕಂಪ್ಯೂಟರ್) ಯಂತ್ರವನ್ನು ತಂದಿದ್ದರು. ಅದರ ಕೀಲಿಮಣೆಯ ಮೇಲೆ ಇಂಗ್ಲಿಷಿನ ಜೊತೆಗೆ ಅರಬ್ಬಿ ಅಕ್ಷರಗಳೂ ಇವೆ. ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಅಟ್ಟದಲ್ಲಿ, ಕಪಾಟಿನಲ್ಲಿ ಉಳಿದುಕೊಂಡು ಬಂದ ಆ ಪೆಟ್ಟಿಗೆಯನ್ನು ಕಳೆದ ಮಳೆಗಾಲದಲ್ಲಿ ನಾನು ಹಳೆಯ ಟಿವಿಗೆ ಜೋಡಿಸಿ ಇಟ್ಟಿದ್ದಾಗ, ಸಿಡಿಲು ಆಂಟೆನಾ ತಂತಿಯ ಮೂಲಕ ಒಳಗೆ ಇಳಿಯಿತು. ಟಿವಿ ಸುಟ್ಟಿತು. ಕಂಪ್ಯೂಟರಿನ ದೀಪ ಈಗಲೂ ಉರಿಯುತ್ತದೆ, ಆಸಿಲೋಸ್ಕೋಪ್ ಹಿಡಿದರೆ ಝಡ್80 ಪ್ರೊಸೆಸರಿನ ವಿಳಾಸ ತಂತಿಗಳು ಮಿಡಿಯುತ್ತಿರುವುದು ಕಾಣುತ್ತದೆ, ಆದರೆ ಚಿತ್ರವಿಲ್ಲ. ಕೀಲಿ ಒತ್ತಿದರೂ ಏನೂ ಆಗುವುದಿಲ್ಲ. ಚಿತ್ರ ಮೂಡಿಸುವ ಟಿಎಂಎಸ್ 9929ಎ ಚಿಪ್ ಸಾಕೆಟ್‌ನಲ್ಲಿದೆ, ಬೆಸುಗೆ ಹಾಕಿಲ್ಲ, ಅದೊಂದು ಅದೃಷ್ಟ.

ಹಳೆಯ ಚಿಪ್ಪನ್ನೇ ಹುಡುಕಿ ಕೊಂಡರೆ ಅದು ಕೊಡುವ ಸಂಕೇತವನ್ನು ನನ್ನ ಮನೆಯ ಈಗಿನ ಪರದೆ ಸರಿಯಾಗಿ ಸ್ವೀಕರಿಸುವುದಿಲ್ಲ. ಆದ್ದರಿಂದ ಆ 40 ಪಿನ್‌ಗಳ ಜಾಗದಲ್ಲಿ ಕೂರುವ ಹೊಸ ಗ್ರಾಫಿಕ್ಸ್ ಕಾರ್ಡೊಂದನ್ನು ನಾನೇ ವಿನ್ಯಾಸ ಮಾಡಬೇಕೆಂದಿದ್ದೇನೆ. ಹಾಗೆ ಮಾಡುವುದಾದರೆ ಮೂಲದ 256×192 ಚುಕ್ಕೆ, 15 ಬಣ್ಣಗಳಿಗೆ ನಿಲ್ಲಬೇಕೆ, ಇಲ್ಲವೆ ದೊಡ್ಡ ಪರದೆ, ಹೆಚ್ಚು ಬಣ್ಣ, ಸಾಧ್ಯವಾದರೆ ಕನ್ನಡ ಅಕ್ಷರಗಳನ್ನೂ ಸೇರಿಸಬೇಕೆ ಎಂಬುದು ಪ್ರಶ್ನೆ. ಅನುಭವವಿದ್ದವರು ದಾರಿ ತೋರಿಸಬೇಕು.

ತರ್ಕದ್ವಾರ (ಬೆಂಗಳೂರು)

ಮೊದಲು ಮೂಲ ಚಿಪ್ ಏನು ಮಾಡುತ್ತಿತ್ತು ಎಂಬುದನ್ನು ಗಮನಿಸಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನದೇ ಗೃಹ ಕಂಪ್ಯೂಟರಿಗಾಗಿ ರೂಪಿಸಿದ ಈ 9918 ಸರಣಿ ಮುಂದೆ ಕೊಲಿಕೊವಿಷನ್, ಸೇಗಾದ ಎಸ್‌ಜಿ-1000 ಮತ್ತು 1983ರಲ್ಲಿ ಘೋಷಣೆಯಾದ ಎಂಎಸ್‌ಎಕ್ಸ್ ಯಂತ್ರಗಳಿಗೆಲ್ಲ ಹಬ್ಬಿತು. ಚಿತ್ರಕ್ಕೆ ಬೇಕಾದ 16 ಕಿಲೋಬೈಟ್ ಸ್ಮೃತಿ ಪ್ರೊಸೆಸರಿನದಲ್ಲ, ಈ ಚಿಪ್ಪಿನದೇ. ಪ್ರೊಸೆಸರ್ ಅದನ್ನು ಎರಡೇ ಎರಡು ಬಾಗಿಲುಗಳ ಮೂಲಕ ಮುಟ್ಟಬಲ್ಲದು: ಎಂಎಸ್‌ಎಕ್ಸ್‌ನಲ್ಲಿ ಹೆಕ್ಸ್ (16ರ ಎಣಿಕೆಯ) 98 ದತ್ತಾಂಶಕ್ಕೆ, ಹೆಕ್ಸ್ 99 ಆಜ್ಞೆಗೆ. ನಿಮ್ಮಂಥವರಿಗೆ ಇದು ವರದಾನ. ಕಾಮಡೋರ್ 64ರ ವಿಐಸಿ ಚಿಪ್ಪನ್ನು ಬದಲಿಸುವವರು ಪ್ರೊಸೆಸರಿನೊಂದಿಗೆ ಒಂದೇ ಸ್ಮೃತಿಯನ್ನು ಸರದಿಯಲ್ಲಿ ಹಂಚಿಕೊಳ್ಳುವ, ಎಂಟು ಗೆರೆಗೊಮ್ಮೆ ಪ್ರೊಸೆಸರನ್ನೇ ತಡೆದು ನಿಲ್ಲಿಸುವ ತಲೆನೋವನ್ನು ಅನುಕರಿಸಬೇಕಾಗುತ್ತದೆ. ನಿಮಗೆ ಆ ಗೋಜಿಲ್ಲ.

ಆದರೂ ನನ್ನ ಮತ ಎಫ್‌ಪಿಜಿಎ (ಒಳಗಿನ ತರ್ಕದ ಜೋಡಣೆಯನ್ನು ನಾವೇ ಬರೆಯಬಹುದಾದ ಚಿಪ್) ಕಡೆಗೆ. 2012ರಲ್ಲಿ ಬಂದ ಎಫ್18ಎ ಎಂಬ ಬದಲಿ ಕಾರ್ಡ್ ಇದೇ ಚಿಪ್ಪನ್ನು ಸ್ಪಾರ್ಟನ್-3ಇ ಎಫ್‌ಪಿಜಿಎಯಲ್ಲಿ ಕಟ್ಟಿ ಪಿಸಿ ಪರದೆಗಳು ಒಪ್ಪುವ ವಿಜಿಎ ಚಿತ್ರ ಕೊಟ್ಟಿತು. ಗೆರೆಯೊಂದಕ್ಕೆ 342 ಚುಕ್ಕೆ ಮಿಡಿತ, 50 ಹರ್ಟ್ಸ್ ಮಾದರಿಯಲ್ಲಿ ಪುಟವೊಂದಕ್ಕೆ 313 ಗೆರೆ, ಗೆರೆಯೊಂದರಲ್ಲಿ ನಾಲ್ಕಕ್ಕಿಂತ ಹೆಚ್ಚು ಸ್ಪ್ರೈಟ್ (ಪರದೆಯ ಮೇಲೆ ಓಡಾಡಿಸಬಹುದಾದ ಪುಟ್ಟ ಚಿತ್ರ) ಬಂದರೆ ಐದನೆಯದನ್ನು ಕೈಬಿಟ್ಟು ಅದರ ಸುಳಿವನ್ನು ಸ್ಥಿತಿ ರಿಜಿಸ್ಟರಿನಲ್ಲಿ (ಚಿಪ್ಪಿನೊಳಗೆ ತನ್ನ ಸ್ಥಿತಿ ಬರೆದಿಡುವ ಪುಟ್ಟ ಜಾಗದಲ್ಲಿ) ಬರೆಯುವುದು, ಇಂಥವನ್ನು ಅಳತೆ ತಪ್ಪದೆ ಮಾಡಬೇಕಾದರೆ ಯಂತ್ರಾಂಶವೇ ಸರಿ. ಮೈಕ್ರೋಕಂಟ್ರೋಲರಿನಲ್ಲಿ ಬರೆದ ಪ್ರೋಗ್ರಾಂ ಎಂದಾದರೂ ಒಂದು ದಿನ ಒಂದು ಮಿಡಿತ ತಡವಾಗಿಯೇ ಆಗುತ್ತದೆ.

ಬೆಸುಗೆಕೋಲು (ಹುಬ್ಬಳ್ಳಿ)

ತರ್ಕದ್ವಾರ ಅವರ ಮಾತಿನ ಮೊದಲರ್ಧ ಒಪ್ಪುತ್ತೇನೆ, ಕೊನೆಯ ವಾಕ್ಯವನ್ನು ಒಪ್ಪುವುದಿಲ್ಲ.

ಬದಲಿ ಚಿಪ್ಪಿಗೆ ನಿಜವಾದ ಪರೀಕ್ಷೆ ಪ್ರೊಸೆಸರ್ ಬರೆಯುವಾಗ ಅಲ್ಲ, ಓದುವಾಗ. ಬರೆದದ್ದನ್ನು ಸಾಲಿನಲ್ಲಿಟ್ಟು ಸಾವಕಾಶವಾಗಿ ವಿಚಾರಿಸಬಹುದು. ಓದುವ ಸಂಕೇತ ಬಂದಾಗ ಮಾತ್ರ ಕೆಲವೇ ನೂರು ನ್ಯಾನೋಸೆಕೆಂಡುಗಳೊಳಗೆ ಉತ್ತರ ತಂತಿಗಳ ಮೇಲಿರಬೇಕು. ಇಲ್ಲಿಯೇ 9918ರ ಒಂದು ಹಳೆಯ ಗುಣ ನಮ್ಮ ಕೈ ಹಿಡಿಯುತ್ತದೆ. ಓದಬೇಕಾದ ವಿಳಾಸವನ್ನು ಪ್ರೊಸೆಸರ್ ಕೊಟ್ಟ ಕೂಡಲೇ ಮೂಲ ಚಿಪ್ ಆ ಬೈಟನ್ನು ಮೊದಲೇ ತಂದು ಒಂದು ಪುಟ್ಟ ತೊಟ್ಟಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಕೇಳಿದಾಗ ಅದನ್ನು ಕೊಟ್ಟು ಮುಂದಿನದನ್ನು ತರುತ್ತಿತ್ತು. ಅಂದಿನ ನಿಧಾನ ಸ್ಮೃತಿಯ ಕಾರಣಕ್ಕೆ ಮಾಡಿಕೊಂಡ ಈ ಏರ್ಪಾಟಿನಿಂದ ಇಂದಿನ ಮೈಕ್ರೋಕಂಟ್ರೋಲರಿಗೂ ಬಿಡುವು ಸಿಗುತ್ತದೆ, ಏಕೆಂದರೆ ಉತ್ತರ ಯಾವಾಗಲೂ ಪ್ರಶ್ನೆಗಿಂತ ಮೊದಲೇ ಸಿದ್ಧವಿರುತ್ತದೆ. ಹೇಗೂ ಪರದೆ ಚಾಲನೆಯಲ್ಲಿರುವಾಗ ಬೈಟಿನಿಂದ ಬೈಟಿಗೆ 8 ಮೈಕ್ರೋಸೆಕೆಂಡಿನಷ್ಟು ಅಂತರ ಬಿಡಬೇಕೆಂದು ಮೂಲ ಚಿಪ್ಪಿನ ಕೈಪಿಡಿಯೇ ಹೇಳುತ್ತದೆ.

2021ರಲ್ಲಿ ನಾಲ್ಕು ಡಾಲರಿಗೆ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಪಿಕೊದಲ್ಲಿರುವ ಆರ್‌ಪಿ2040 ಚಿಪ್ಪಿಗೆ ಎರಡು ಪ್ರೊಸೆಸರ್ ತಿರುಳುಗಳಿವೆ, 264 ಕಿಲೋಬೈಟ್ ಸ್ಮೃತಿಯಿದೆ, ಅದಕ್ಕಿಂತ ಮುಖ್ಯವಾಗಿ ತಿರುಳುಗಳನ್ನು ಕೇಳದೆ ಪಿನ್‌ಗಳನ್ನು ನೋಡಿಕೊಳ್ಳುವ ಎಂಟು ಪುಟ್ಟ ಸ್ಥಿತಿಯಂತ್ರಗಳಿವೆ. 133 ಮೆಗಾಹರ್ಟ್ಸ್‌ನಲ್ಲಿ ಅದರ ಒಂದು ಹೆಜ್ಜೆ ಏಳೂವರೆ ನ್ಯಾನೋಸೆಕೆಂಡ್. ನಿಮ್ಮ ಝಡ್80ಯ ಒಂದು ಹೆಜ್ಜೆ 279. ಬಸ್ಸನ್ನು (ಪ್ರೊಸೆಸರಿನೊಂದಿಗೆ ಬೈಟ್ ಸಾಗಿಸುವ ತಂತಿಗಳನ್ನು) ಸ್ಥಿತಿಯಂತ್ರಗಳಿಗೆ ವಹಿಸಿ, ಒಂದು ತಿರುಳು ಆಜ್ಞೆಗಳನ್ನು ನೋಡಿಕೊಳ್ಳಲಿ, ಇನ್ನೊಂದು ಗೆರೆ ಎಳೆಯಲಿ. 2024ರಲ್ಲಿ ಬಂದ ಪಿಕೊ9918 ಎಂಬ ಮುಕ್ತ ವಿನ್ಯಾಸ ಇದೇ ಚಿಪ್ಪಿನಿಂದ ಇದೇ ಕೆಲಸವನ್ನು ಮಾಡಿ ತೋರಿಸಿದೆ.

ಎರಡು ಎಚ್ಚರಿಕೆಗಳು. ಪಿಕೊ 3.3 ವೋಲ್ಟಿನದು, ನಿಮ್ಮ ಯಂತ್ರ 5 ವೋಲ್ಟಿನದು. ನೇರವಾಗಿ ಜೋಡಿಸಬೇಡಿ, ನಡುವೆ 74ಎಲ್‌ವಿಸಿ245ರಂಥ ಚಿಪ್ ಇರಲಿ. ಇನ್ನೊಂದು, ಟೆಕ್ಸಾಸ್‌ನವರು ತಂತಿಗಳನ್ನು ತಲೆಕೆಳಗಾಗಿ ಎಣಿಸುತ್ತಾರೆ. ಲೋಕವೆಲ್ಲ 7ನೆಯ ಬಿಟ್ ಎನ್ನುವುದನ್ನು ಅವರ ನಕ್ಷೆ 0 ಎನ್ನುತ್ತದೆ. ಇದಕ್ಕೆ ಬಲಿಯಾಗದವರನ್ನು ನಾನಿನ್ನೂ ನೋಡಿಲ್ಲ.

ಬಿಡುವಿನವೇಳೆ

ಒಂದು ಸರಳ ಪ್ರಶ್ನೆ. ಪಿಕೊ9918 ಇದೆ, ಎಫ್18ಎ ಇದೆ, ಬೇಡವೆಂದರೆ ಲ್ಯಾಪ್‌ಟಾಪಿನಲ್ಲಿ ಎಂಎಸ್‌ಎಕ್ಸನ್ನು ಪೂರ್ತಿಯಾಗಿ ಅನುಕರಿಸುವ ಉಚಿತ ತಂತ್ರಾಂಶವೂ ಇದೆ. ಇಷ್ಟೆಲ್ಲ ಇರುವಾಗ ಹೊಸದಾಗಿ ವಿನ್ಯಾಸ ಮಾಡುವ ಅಗತ್ಯವೇನಿದೆ?

ಹಳೇಪೆಟ್ಟಿಗೆ (ಕುಂದಾಪುರ)

ಅಗತ್ಯ ಏನೂ ಇಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಚಿಕ್ಕಪ್ಪನ ಪೆಟ್ಟಿಗೆ ಬದುಕಬೇಕು, ಅದು ಹೇಗೆ ಬದುಕಿತು ಎಂಬುದು ನನಗೆ ತಿಳಿದಿರಬೇಕು, ಇಷ್ಟೇ ಆಸೆ. ಸಿದ್ಧ ವಿನ್ಯಾಸವನ್ನು ಕೂರಿಸಿದರೆ ಮೊದಲನೆಯದು ಮಾತ್ರ ಈಡೇರುತ್ತದೆ. ಬೆಸುಗೆಕೋಲು ಅವರೇ, ಪಿಕೊ ಮಾರ್ಗವೇ ನನ್ನ ಕೈಗೆ ಎಟುಕುವಂಥದ್ದು. ಆದರೆ 264 ಕಿಲೋಬೈಟ್ ಸ್ಮೃತಿ ಇರುವಾಗ 16ರಲ್ಲೇ ನಿಲ್ಲಬೇಕೆ? 256 ಬಣ್ಣಗಳ ಹೊಸ ವಿಧಾನವೊಂದನ್ನು ಸೇರಿಸಿದರೆ ತಪ್ಪೇನು?

ಕಾಲುವೆದಂಡೆ (ಐಂಡ್ಹೋವನ್, ನೆದರ್ಲೆಂಡ್ಸ್)

ತಪ್ಪೇನಿಲ್ಲ, ಉಪಯೋಗವೂ ಇಲ್ಲ. ನಾನಿರುವುದು ಫಿಲಿಪ್ಸ್ ಕಂಪನಿಯ ಹುಟ್ಟೂರಿನಲ್ಲಿ. ಅವರು ಎಂಎಸ್‌ಎಕ್ಸ್ ಯಂತ್ರಗಳನ್ನು ಮಾರಿದ ಈ ದೇಶದಲ್ಲಿ ಅದರ ಅಭಿಮಾನಿಗಳು ಈಗಲೂ ಇದ್ದಾರೆ. ಇಲ್ಲಿನವರೇ ಆದ ಸನ್‌ರೈಸ್ ಬಳಗದ ಜಿಎಫ್‌ಎಕ್ಸ್9000 ಎಂಬ ಕಾರ್ಟ್ರಿಜ್‌ನಲ್ಲಿ ಯಮಾಹಾದ ವಿ9990 ಚಿಪ್ಪಿತ್ತು, 512 ಕಿಲೋಬೈಟ್ ಚಿತ್ರಸ್ಮೃತಿಯಿತ್ತು, ಹೆಕ್ಸ್ 60ರಿಂದ ಆರಂಭವಾಗುವ ತನ್ನದೇ ಬಾಗಿಲುಗಳಿದ್ದವು. ಯಂತ್ರಾಂಶವಾಗಿ ಅದು ಸೊಗಸು. ಅದಕ್ಕೆಂದೇ ಬರೆದ ಆಟಗಳನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಅಮಿಗಾ ಎಂಬ ಇನ್ನೊಂದು ಹಳೆಯ ಕಂಪ್ಯೂಟರಿನವರಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲವಿದೆ. ಅಲ್ಲಿ ಕಿಟಕಿ ತೆರೆಯುವ, ಗೆರೆ ಎಳೆಯುವ ಕೆಲಸಗಳು ಕಾರ್ಯಾಚರಣ ವ್ಯವಸ್ಥೆಯ ಮೂಲಕ ಹಾದುಹೋಗುವುದರಿಂದ, 2016ರ ವಿಎ2000ದಂಥ ಹೊಸ ಎಫ್‌ಪಿಜಿಎ ಕಾರ್ಡಿಗೆ ಚಾಲಕ ತಂತ್ರಾಂಶ ಬರೆದರೆ ಸಭ್ಯವಾಗಿ ಬರೆದ ಹಳೆಯ ಪ್ರೋಗ್ರಾಂಗಳು ತಾವಾಗಿ ದೊಡ್ಡ ಪರದೆಗೆ ಬರುತ್ತವೆ. ಚಿಪ್ಪನ್ನು ನೇರವಾಗಿ ಮುಟ್ಟುವ ಆಟಗಳು ಅಲ್ಲಿಯೂ ಬರುವುದಿಲ್ಲ. ಎಂಎಸ್‌ಎಕ್ಸ್ ರೂಪಿಸಿದವರೂ ಇದನ್ನು ಊಹಿಸಿದ್ದರು ಎಂಬುದು ಹಲವರಿಗೆ ತಿಳಿದಿಲ್ಲ. ಚಿತ್ರದ ಚಿಪ್ ಯಾವ ಬಾಗಿಲಿನಲ್ಲಿದೆ ಎಂಬುದನ್ನು ಬೇಸಿಕ್ ಭಾಷೆ ಇರುವ ಮುಖ್ಯ ರೋಮ್‌ನ (ಅಳಿಯದ ಸ್ಮೃತಿಯ) 6 ಮತ್ತು 7ನೆಯ ವಿಳಾಸಗಳಲ್ಲಿ ಬರೆದಿಟ್ಟು, ಅದನ್ನು ನೋಡಿಕೊಂಡೇ ಮುಟ್ಟಿ ಎಂದು ನಿಯಮ ಮಾಡಿದ್ದರು. ನಾಳೆ ಹೊಸ ಕಾರ್ಡು ಬಂದರೆ ಹಳೆಯ ಪ್ರೋಗ್ರಾಂಗಳು ಅದಕ್ಕೂ ಹೊಂದಿಕೊಳ್ಳಲಿ ಎಂಬುದು ಉದ್ದೇಶ. ಆಟ ಬರೆದವರು ವೇಗದ ಆಸೆಗೆ 98 ಎಂದೇ ಬರೆದುಬಿಟ್ಟರು.

ಇನ್ನು ನಿಮ್ಮ 256 ಬಣ್ಣಗಳ ಲೆಕ್ಕ ನೋಡಿ. ಎಂಎಸ್‌ಎಕ್ಸ್‌ನಲ್ಲಿ ಸ್ಮೃತಿಯಿಂದ ಬಾಗಿಲಿಗೆ ಬೈಟ್ ಕಳಿಸುವ ಅತಿ ವೇಗದ ಆಜ್ಞೆಗೆ 18 ಮಿಡಿತ ಬೇಕು. ಪ್ರೊಸೆಸರಿನ ವೇಗ 3.58 ಮೆಗಾಹರ್ಟ್ಸ್. ಅಂದರೆ ಬೇರೇನೂ ಮಾಡದೆ ಬರೀ ಬೈಟ್ ಸುರಿಯುತ್ತಿದ್ದರೂ ಸೆಕೆಂಡಿಗೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಚುಕ್ಕೆಗೊಂದು ಬೈಟಿನ 256×192 ಪರದೆಗೆ 49,152 ಬೈಟ್ ಬೇಕು, ಕಾಲು ಸೆಕೆಂಡ್ ಹಿಡಿಯುತ್ತದೆ. ನಿಮ್ಮ ಕಾರ್ಡು ಎಷ್ಟೇ ಚುರುಕಾಗಿದ್ದರೂ ಸೆಕೆಂಡಿಗೆ ನಾಲ್ಕೇ ಚಿತ್ರ. ಕೆರೆ ದೊಡ್ಡದು ಮಾಡಿದರೂ ತೂಬು ಅದೇ ಗಾತ್ರದ್ದು. ಹೊಸ ವಿಧಾನ ಬೇಕೆಂದರೆ "ಈ ಚೌಕವನ್ನು ಅಲ್ಲಿಗೆ ನಕಲಿಸು" ಎಂಬ ಆಜ್ಞೆಯನ್ನು ಕಾರ್ಡೇ ನಡೆಸುವಂತಿರಬೇಕು. ಯಮಾಹಾದವರು 1985ರ ಎಂಎಸ್‌ಎಕ್ಸ್2ಗಾಗಿ ಮಾಡಿದ ವಿ9938ರಲ್ಲಿ ಅದನ್ನೇ ಮಾಡಿದರು. ಎಫ್18ಎಯೂ ಅದೇ ಕಾರಣಕ್ಕೆ ಒಳಗೊಂದು ಪ್ರೊಸೆಸರನ್ನು ಇಟ್ಟುಕೊಂಡಿದೆ.

  

ನಿವೃತ್ತಮೇಷ್ಟ್ರು (ಧಾರವಾಡ)

ಕನ್ನಡ ಅಕ್ಷರಗಳ ಮಾತು ಬಂದು ಹಾಗೆಯೇ ಸರಿದುಹೋಯಿತು. ಅದಕ್ಕೆ ನನ್ನದೊಂದು ಮಾತು.

1984-85ರಲ್ಲಿ ಕೇಂದ್ರ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ಬಂದವು. ಆ ಯಂತ್ರದಲ್ಲಿ ಒಟ್ಟು 32 ಕಿಲೋಬೈಟ್ ಸ್ಮೃತಿ, ಅತಿ ಸೂಕ್ಷ್ಮ ಪರದೆ ಬೇಕೆಂದರೆ ಚಿತ್ರವೇ 20 ಕಿಲೋಬೈಟ್ ನುಂಗುತ್ತಿತ್ತು. ಉಳಿದುದರಲ್ಲಿ ಪ್ರೋಗ್ರಾಂ ಬರೆಯಬೇಕು. ಅದರಲ್ಲಿ ನಮ್ಮ ಅಕ್ಷರ ಮೂಡಿಸುವ ಆಸೆಯಿಂದ ಚೌಕುಳಿ ಹಾಳೆಯ ಮೇಲೆ 8×8ರ ಮನೆಗಳಲ್ಲಿ ಚುಕ್ಕೆ ತುಂಬುತ್ತ ಕೂರುತ್ತಿದ್ದೆ. "ರ" ಬರುತ್ತದೆ, "ಗ" ಬರುತ್ತದೆ, "ಸ್ತ್ರೀ" ಬರೆಯಹೊರಟರೆ ಮನೆ ಸಾಲುವುದಿಲ್ಲ.

ಈ ಕಷ್ಟಕ್ಕೆ ಮುಂದೆ ಉತ್ತರ ಕೊಟ್ಟದ್ದು ಒಂದು ಕಾರ್ಡು ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. ಐಐಟಿ ಕಾನ್ಪುರದಲ್ಲಿ ಮೊಳೆತು, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ, ಡಾಸ್‌ನಲ್ಲಿ ಅಕ್ಷರ ಮಾತ್ರ ತೋರಿಸುವ ಪ್ಯಾಕೇಜುಗಳೊಳಗೆ ಕನ್ನಡ ಕಾಣಿಸುತ್ತಿತ್ತು. ಪ್ಯಾಕೇಜಿಗೆ ಕನ್ನಡ ಗೊತ್ತಿರಬೇಕಾಗಿರಲಿಲ್ಲ. ಅದು ಬೈಟುಗಳನ್ನು ಇಡುತ್ತಿತ್ತು. 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಂತೆ ಅವನ್ನು ಓದಿ, ಒತ್ತು, ಗುಣಿತ, ದೀರ್ಘಗಳನ್ನು ಕೂಡಿಸಿ ಬರೆಯುವ ಹೊಣೆ ಕಾರ್ಡಿನದಾಗಿತ್ತು. ಹಳೆಯ ಪ್ರೋಗ್ರಾಂ, ಹೊಸ ಪರದೆ, ನಡುವೆ ಬುದ್ಧಿ ಇರುವ ಕಾರ್ಡು. ಐಂಡ್ಹೋವನ್ನಿನ ಗೆಳೆಯರು ಹೇಳಿದ ತೂಬಿನ ಸಮಸ್ಯೆಯೂ ಇಲ್ಲಿ ಇಲ್ಲ. ಒಂದು ಪರದೆಯ ತುಂಬ ಅಕ್ಷರಕ್ಕೆ ಎಷ್ಟು ಬೈಟ್ ಬೇಕು? 40 ಕಾಲಂ, 24 ಸಾಲು, 960 ಮಾತ್ರ.

ತರ್ಕದ್ವಾರ (ಬೆಂಗಳೂರು)

ಮೇಷ್ಟ್ರೇ, ಈ ಸರಪಳಿಯಲ್ಲಿ ಬಂದ ಅತಿ ಉಪಯುಕ್ತ ಮಾತು ನಿಮ್ಮದು. ವಿಜಿಎಯ 640×480 ಪರದೆಯನ್ನು 40 ಕಾಲಂ, 24 ಸಾಲಿಗೆ ಹಂಚಿದರೆ ಪ್ರತಿ ಮನೆಗೆ 16×20 ಚುಕ್ಕೆ ಸಿಗುತ್ತದೆ. ಅದರಲ್ಲಿ ಒತ್ತಕ್ಷರಕ್ಕೂ ಜಾಗವಿದೆ. ಚಿತ್ರಸ್ಮೃತಿಯಲ್ಲಿ ಮೂಲ ಸಂಕೇತಗಳೇ ಉಳಿಯುತ್ತವಾದ್ದರಿಂದ ಪ್ರೋಗ್ರಾಂ ತಾನು ಬರೆದದ್ದನ್ನು ಹಿಂದೆ ಓದಿದರೂ ಕೆಡುವುದಿಲ್ಲ.

ಎರಡು ತೊಡಕುಗಳಿವೆ. "ಕ್ಷ" ಎಂಬುದು ಇಸ್ಕಿಯಲ್ಲಿ ಮೂರು ಬೈಟ್, ಅಂದರೆ ಪ್ರೋಗ್ರಾಮಿನ ಎಣಿಕೆಯಲ್ಲಿ ಮೂರು ಮನೆ, ಕಣ್ಣಿಗೆ ಒಂದು ಅಥವಾ ಎರಡು. ಕರ್ಸರ್ ಎಲ್ಲಿ ನಿಲ್ಲಬೇಕು ಎಂಬುದನ್ನು ಯೋಚಿಸಬೇಕು. ಇನ್ನೊಂದು, ಇಸ್ಕಿ ಬಳಸುವ 128ರ ಮೇಲಿನ ಸಂಕೇತಗಳಲ್ಲಿ ಈ ಯಂತ್ರದ ಸ್ವಂತ ಚಿಹ್ನೆಗಳೂ ಅರಬ್ಬಿಯೂ ಈಗಾಗಲೇ ಕೂತಿವೆ. ಹಾಗಾಗಿ ಮೂಲ ಚಿಪ್ಪಿನಲ್ಲಿ ಇಲ್ಲದ ಒಂದು ರಿಜಿಸ್ಟರಿಗೆ ಬರೆದಾಗ ಮಾತ್ರ ಕನ್ನಡ ವಿಧಾನ ತೆರೆಯುವಂತೆ ಮಾಡಿ.

ಹೇಳಲು ಮರೆತದ್ದು: ನಿಮ್ಮದು 50 ಹರ್ಟ್ಸ್ ಯಂತ್ರ. ವಿಜಿಎಗೆ ಹೊಂದಲೆಂದು, ಚಿಪ್ ಪುಟಕ್ಕೊಮ್ಮೆ ಪ್ರೊಸೆಸರನ್ನು ಕರೆಯುವ ತಡೆಸಂಕೇತವನ್ನೂ 60 ಮಾಡಿದರೆ ಸಂಗೀತವೆಲ್ಲ ಶೇಕಡಾ 20ರಷ್ಟು ಅವಸರಿಸುತ್ತದೆ. ನಿಮ್ಮ ಪರದೆ ಒಪ್ಪುವುದಾದರೆ 720×576, 50 ಹರ್ಟ್ಸ್ ಆರಿಸಿಕೊಳ್ಳಿ. 192ರ ಮೂರು ಪಟ್ಟು ಸರಿಯಾಗಿ 576, ಆದರೆ ಆ ಮೋಹಕ್ಕೆ ಬಿದ್ದು ಅಂಚನ್ನು ಕಳೆದುಕೊಳ್ಳಬೇಡಿ. ಅಂಚಿನ ಬಣ್ಣ ಬದಲಿಸಿ ಆಟವಾಡುವ ಪ್ರೋಗ್ರಾಂಗಳಿವೆ.

ಎಫ್‌ಪಿಜಿಎ ಬಗ್ಗೆ ನನ್ನ ಹಟವನ್ನು ಸದ್ಯಕ್ಕೆ ಬದಿಗಿಡುತ್ತೇನೆ.

ಹಳೇಪೆಟ್ಟಿಗೆ (ಕುಂದಾಪುರ)

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಮೊದಲ ಹಂತವಾಗಿ, ಚಿತ್ರದ ಗೋಜಿಗೇ ಹೋಗದೆ ಬಸ್ಸಿನ ಭಾಗವನ್ನು ಮಾತ್ರ ಚುಚ್ಚುಹಲಗೆಯ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡ್) ಮೇಲೆ ಕಟ್ಟಿದೆ: ಎರಡು ಬಾಗಿಲು, 16 ಕಿಲೋಬೈಟ್, ಸ್ಥಿತಿ ರಿಜಿಸ್ಟರ್, ಸೆಕೆಂಡಿಗೆ 50 ತಡೆಸಂಕೇತ. ಯಂತ್ರ ಹೊತ್ತಿಕೊಂಡಿತು, ಯಾವುದೂ ಬಿಸಿಯಾಗಲಿಲ್ಲ, ಪಿಕೊಗೆ ಬೈಟುಗಳು ಬರುತ್ತಿರುವುದೂ ಕಂಡಿತು. ಆದರೆ ಕೀಲಿಮಣೆ ಮೊದಲಿನಂತೆಯೇ ಮೌನ. ಚಿತ್ರದ ಚಿಪ್ಪಿಗೂ ಕೀಲಿಮಣೆಗೂ ಏನು ಸಂಬಂಧ, ಸಿಡಿಲು ಅದನ್ನೂ ಹೊತ್ತೊಯ್ದಿದೆಯೇ?

ಬೆಸುಗೆಕೋಲು (ಹುಬ್ಬಳ್ಳಿ)

ಸಂಬಂಧವಿದೆ. ಎಂಎಸ್‌ಎಕ್ಸ್ ಕೀಲಿಮಣೆಯನ್ನು ನೋಡುವುದೇ ಚಿತ್ರದ ಚಿಪ್ ತಡೆಸಂಕೇತ ಕೊಟ್ಟಾಗ. ಆಗ ರೋಮ್ ಹೆಕ್ಸ್ 99ರಿಂದ ಸ್ಥಿತಿಯನ್ನು ಓದುತ್ತದೆ, ಮೇಲಿನ ಬಿಟ್ ಒಂದಾಗಿದ್ದರೆ ಮಾತ್ರ ಇದು ಚಿತ್ರದ ಚಿಪ್ಪಿನ ಕರೆ ಎಂದು ನಂಬಿ ಮುಂದುವರಿಯುತ್ತದೆ. ಇಲ್ಲವಾದರೆ ಕೀಲಿಗಳನ್ನು ನೋಡದೆಯೇ ಹಿಂತಿರುಗುತ್ತದೆ. ಮೇಲಿನ ಬಿಟ್ ಎಂದರೆ ಟೆಕ್ಸಾಸ್ ನಕ್ಷೆಯ ಪ್ರಕಾರ ಯಾವುದು? ತಂತಿ ನೋಡಿ.

ಬೇಸಿಕ್‌ನಲ್ಲಿ ಎಂಟರ್ ಒತ್ತಿದಾಗ ಯಂತ್ರ ನೀವು ಟೈಪ್ ಮಾಡಿದ ಸಾಲನ್ನು ಚಿತ್ರಸ್ಮೃತಿಯಿಂದಲೇ ಹಿಂದೆ ಓದಿಕೊಳ್ಳುತ್ತದೆ ಎಂಬುದೂ ನೆನಪಿರಲಿ. ಪರದೆ ಇಲ್ಲದೆಯೇ ಓದು ಮತ್ತು ಬರಹ ಎರಡನ್ನೂ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಹಳೇಪೆಟ್ಟಿಗೆ (ಕುಂದಾಪುರ)

ನಾನೂ ಬಲಿಯಾಗಿದ್ದೆ. ಎಂಟೂ ತಂತಿಗಳು ತಿರುವುಮುರುವಾಗಿದ್ದವು. ನಿನ್ನೆ ರಾತ್ರಿ ಅವನ್ನು ಬಿಚ್ಚಿ ಮತ್ತೆ ಜೋಡಿಸಿ, ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಯಂತ್ರ ಹೊತ್ತಿಸಿದೆ. ಪರದೆ ಜೋಡಿಸಿರಲಿಲ್ಲ. ಒಂದು ಕೀಲಿ ಒತ್ತಿದಾಗ ಒಳಗಿನಿಂದ ಆ ಹಳೆಯ "ಟಿಕ್" ಕೇಳಿಸಿತು. ಇನ್ನೊಂದು ಒತ್ತಿದೆ, ಮತ್ತೆ ಟಿಕ್. ಸಾಲನ್ನು ಖಾಲಿ ಮಾಡಿ, ಬೀಪ್ ಎಂಬ ಆಜ್ಞೆಯ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಕಾಣದೆಯೇ ಟೈಪ್ ಮಾಡಿ ಎಂಟರ್ ಒತ್ತಲು ಚಿಕ್ಕಪ್ಪನಿಗೆ ಹೇಳಿದೆ. ಮೊದಲ ಸಲ ಅವರ ಬೆರಳು ಅರಬ್ಬಿಯ ನಡುವೆ ದಾರಿ ತಪ್ಪಿತು. ಎರಡನೆಯ ಸಲಕ್ಕೆ ಬೀಪ್ ಎಂದಿತು.

ಇನ್ನು ಚಿತ್ರದ ಕೆಲಸ. 720×576 ಸಂಕೇತವನ್ನು ಪಿಕೊದಿಂದ ಹೊರಡಿಸಿದವರು ಇಲ್ಲಿ ಯಾರಾದರೂ ಇದ್ದೀರಾ?